ಕಚೇರಿ ಇಲ್ಲದ ರಾಜ್ಯದಿಂದ ತೆರಿಗೆ ನೋಟಿಸ್

ಮೈಸೂರಿನ ಓದುಗರೊಬ್ಬರ ಪತ್ರ: ‘ಸಾಫ್ಟ್‌ವೇರ್ ಸೇವೆ ಕೊಡುವ ಸಣ್ಣ ಕಂಪನಿ ನಮ್ಮದು. ಅಮೆರಿಕದಲ್ಲಿ ಕಚೇರಿಯೂ ಇಲ್ಲ, ಸಿಬ್ಬಂದಿಯೂ ಇಲ್ಲ. ಭಾರತ–ಅಮೆರಿಕ ತೆರಿಗೆ ಒಪ್ಪಂದವಿದೆಯೆಂದು ನೆಮ್ಮದಿಯಾಗಿದ್ದೆವು. ಈಗ ಕ್ಯಾಲಿಫೋರ್ನಿಯಾ ರಾಜ್ಯ ತೆರಿಗೆ ಕೇಳುತ್ತಿದೆ. ಅಲ್ಲಿನ ಸಂವಿಧಾನ ಇದಕ್ಕೆ ಒಪ್ಪುತ್ತದೆಯೇ?’

ಸಂಪಾದಕರ ಉತ್ತರ: ಒಪ್ಪುತ್ತದೆ. ಕಾಯಂ ನೆಲೆ (ಕಚೇರಿಯಂಥ ಸ್ಥಿರ ವ್ಯವಹಾರ ಸ್ಥಳ) ಇಲ್ಲದಿದ್ದರೆ ತೆರಿಗೆಯಿಲ್ಲ ಎಂಬ ಒಪ್ಪಂದದ ರಕ್ಷಣೆ ಫೆಡರಲ್ ತೆರಿಗೆಗೆ ಮಾತ್ರ. ಫೆಡರಲ್ ಲೆಕ್ಕವನ್ನೇ ಆಧಾರವಾಗಿ ಹಿಡಿಯುವ ರಾಜ್ಯಗಳಲ್ಲಿ ಅದರ ಫಲ ಬಳಸುದಾರಿಯಲ್ಲಿ ನಿಮಗೂ ಸಿಗಬಹುದು, ಕ್ಯಾಲಿಫೋರ್ನಿಯಾದಲ್ಲಿ ಸಿಗದು.

ರಾಜ್ಯಗಳ ಕೈ ಕಟ್ಟುವುದು ಸಂವಿಧಾನದ ವಾಣಿಜ್ಯ ವಿಧಿ ಮತ್ತು ನ್ಯಾಯಸಮ್ಮತ ಪ್ರಕ್ರಿಯೆಯ ವಿಧಿ. ಕಂಪ್ಲೀಟ್ ಆಟೋ ಪ್ರಕರಣದಲ್ಲಿ (1977) ಸುಪ್ರೀಂ ಕೋರ್ಟ್ ನಾಲ್ಕು ಪರೀಕ್ಷೆ ಇಟ್ಟಿತು: ರಾಜ್ಯದೊಂದಿಗೆ ಗಣನೀಯ ನಂಟು, ನ್ಯಾಯವಾದ ಹಂಚಿಕೆ, ಹೊರಗಿನವರಿಗೆ ತಾರತಮ್ಯ ಮಾಡದಿರುವುದು, ರಾಜ್ಯ ಕೊಡುವ ಸೌಲಭ್ಯಗಳಿಗೆ ಸಂಬಂಧ. ನಂಟಿಗೆ ಕಚೇರಿ, ಸಿಬ್ಬಂದಿಯಂಥ ಭೌತಿಕ ಹಾಜರಿ ಬೇಕೇಬೇಕು ಎಂಬ ಕ್ವಿಲ್ ತೀರ್ಪು (1992) ಮಾರಾಟ ತೆರಿಗೆಯ ಕುರಿತದ್ದು. ಅದನ್ನೂ 2018ರಲ್ಲಿ ವೇಫೇರ್ ತೀರ್ಪು ತಳ್ಳಿಹಾಕಿತು. ರಾಜ್ಯಗಳ ಆದಾಯ ತೆರಿಗೆಗೆ ಮಿತಿ ಹಾಕುವ 1959ರ ಫೆಡರಲ್ ಕಾಯ್ದೆ ಪಬ್ಲಿಕ್ ಲಾ 86-272 ಅನ್ನು ಹಲವರು ಗುರಾಣಿಯಾಗಿ ಹಿಡಿಯುತ್ತಾರೆ. ಅದು ರಾಜ್ಯ ರಾಜ್ಯಗಳ ನಡುವೆ ಸರಕು ಮಾರುವವರಿಗೆ. ನಿಮ್ಮದು ಸೇವೆ, ಅದೂ ವಿದೇಶದಿಂದ.

ಆದ್ದರಿಂದ ನಿಮ್ಮ ಗಮನ ಅಂಕಿಗಳ ಮೇಲಿರಲಿ. 2024ರ ಸಾಲಿಗೆ ಕ್ಯಾಲಿಫೋರ್ನಿಯಾದ ಮಾರಾಟ 7,35,019 ಡಾಲರ್ ದಾಟಿದರೆ ಅಲ್ಲಿ ವ್ಯವಹಾರ ನಡೆಸಿದಂತೆ (ಮಿತಿ ವರ್ಷವರ್ಷ ಬದಲಾಗುತ್ತದೆ). ಒಟ್ಟು ಮಾರಾಟ 40 ಲಕ್ಷ ಡಾಲರ್, ಅದರಲ್ಲಿ ಅಲ್ಲಿಯದು 8 ಲಕ್ಷ, ಒಟ್ಟು ಲಾಭ 5 ಲಕ್ಷ ಎನ್ನಿ. ಮಾರಾಟದಲ್ಲಿ ಅಲ್ಲಿಯ ಪಾಲು ಶೇ 20, ಅದೇ ಪಾಲಿನಂತೆ ತೆರಿಗೆ ಬೀಳುವ ಲಾಭ 1 ಲಕ್ಷ, ಶೇ 8.84ರಂತೆ 8,840 ಡಾಲರ್. ಸಾಮಾನ್ಯವಾಗಿ ಎಡವುವುದು ಮೊದಲ ಮೆಟ್ಟಿಲಲ್ಲೇ. ಸೇವೆಯ ಪ್ರಯೋಜನ ಗ್ರಾಹಕರಿಗೆ ಎಲ್ಲಿ ದಕ್ಕಿತೋ ಅಲ್ಲಿಯ ಮಾರಾಟವದು. ಬಿಲ್ ಹೋದ ವಿಳಾಸವನ್ನಷ್ಟೇ ನೋಡಿದರೆ ಪಾಲು ಉಬ್ಬಬಹುದು.

ಮಾರಾಟದ ಪಾಲಿನಂತೆ ಲಾಭ ಹಂಚುವ ಈ ಸೂತ್ರವನ್ನೇ ಕೋರ್ಟಿನಲ್ಲಿ ಪ್ರಶ್ನಿಸುವುದು ದುಬಾರಿ ಹಟ. ಮಾರಾಟವೊಂದನ್ನೇ ಅಳತೆಯಾಗಿಟ್ಟ ಅಯೋವಾದ ಸೂತ್ರ 1978ರಲ್ಲಿ ಊರ್ಜಿತವಾಗಿದೆ. 1931ರಲ್ಲಿ ನಾರ್ತ್ ಕ್ಯಾರೊಲಿನಾ ಸೋತದ್ದು, ಕಂಪನಿಯೊಂದರ ಲಾಭದಲ್ಲಿ ಸುಮಾರು ಶೇ 17 ಮಾತ್ರ ಅಲ್ಲಿ ಹುಟ್ಟಿದ್ದರೂ ಶೇ 66ರಿಂದ 85ರವರೆಗೆ ತನ್ನದೆಂದಿದ್ದಕ್ಕೆ.

ಇನ್ನೊಂದು ದಾರಿ ‘ವಾಟರ್ಸ್ ಎಡ್ಜ್’ ಆಯ್ಕೆ. ಅದರಲ್ಲಿ ವಿದೇಶಿ ಕಂಪನಿಯ ಅಮೆರಿಕ ಮೂಲದ ವರಮಾನವಷ್ಟೇ ಲೆಕ್ಕಕ್ಕೆ ಬರುತ್ತದೆ. ಕೆಲಸವೆಲ್ಲ ಮೈಸೂರಿನಲ್ಲೇ ನಡೆದಿದ್ದರೆ ಇದು ದೊಡ್ಡ ವ್ಯತ್ಯಾಸ. ಫಾರಂ 100-ಡಬ್ಲ್ಯುಇ ಅನ್ನು ಗಡುವಿನೊಳಗೆ ಸಲ್ಲಿಸುವ ಮೂಲ ರಿಟರ್ನ್ ಜೊತೆಗೇ ಕೊಡಬೇಕು, ಒಮ್ಮೆ ಆರಿಸಿಕೊಂಡರೆ 84 ತಿಂಗಳು ಬದ್ಧರು. ನೋಟಿಸ್ ಯಾವ ವರ್ಷದ್ದೆಂದು ಮೊದಲು ನೋಡಿ. ಗಡುವು ಮೀರಿದ ವರ್ಷಕ್ಕೆ ಈ ದಾರಿ ಮುಚ್ಚಿರುತ್ತದೆ.