ಎರಡನೆಯ ದೊಡ್ಡ ನಾಯಿ ಈಗಲೇ ಬೇಕೇ? ಧಾರವಾಡದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೆ,

ನಿಮ್ಮ ಪತ್ರ ತಲುಪಿದೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದಾದ್ದರಿಂದ ಪತ್ರದ ಸಾರಾಂಶವನ್ನು ಮೊದಲು ಕೊಟ್ಟು ಬಳಿಕ ವಿವರವಾಗಿ ಉತ್ತರಿಸುತ್ತೇನೆ. ನಿಮ್ಮದು ಊರಂಚಿನಲ್ಲಿ ಕಾಂಪೌಂಡ್ ಇರುವ ಸ್ವಂತ ಮನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆ ಆರಕ್ಕೆ. ಹಗಲು ಮನೆಯಲ್ಲಿರುವವರು ಮೊಣಕಾಲು ನೋವಿನ ನಿಮ್ಮ ತಾಯಿ ಒಬ್ಬರೇ. ಜೀವನದಲ್ಲಿ ಮೊದಲ ಬಾರಿಗೆ ನಾಯಿ ಸಾಕಿದ್ದೀರಿ: ಹದಿನಾಲ್ಕು ತಿಂಗಳ ಗಂಡು ಲ್ಯಾಬ್ರಡಾರ್. ತಾಯಿಗೆ ಡಿಕ್ಕಿ ಹೊಡೆದೀತೆಂಬ ಭಯಕ್ಕೆ ಅದನ್ನು ಹಗಲೆಲ್ಲ ಅಂಗಳದಲ್ಲೇ ಬಿಡುತ್ತೀರಿ. ಅಲ್ಲಿ ಅದು ಚಪ್ಪಲಿ ಕಡಿಯುತ್ತದೆ, ಹೂವಿನ ಪಾತಿ ಅಗೆಯುತ್ತದೆ, ಗೇಟಿಗೆ ಹಾರಿ ಬೊಗಳುತ್ತದೆ. ಜೊತೆ ಸಿಕ್ಕರೆ ಇದೆಲ್ಲ ನಿಂತೀತೆಂದು ಮುಧೋಳ ಅಥವಾ ಜರ್ಮನ್ ಶೆಫರ್ಡ್ ಮರಿಯನ್ನು ತರುವ ಯೋಚನೆಯಲ್ಲಿದ್ದೀರಿ. ಶೆಫರ್ಡ್ ಮರಿಗೆ ಒಬ್ಬರ ಬಳಿ ಮುಂಗಡವನ್ನೂ ಕೊಟ್ಟಿದ್ದೀರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ವರ್ಷ ಬೇಡ. ಎರಡು ದೊಡ್ಡ ನಾಯಿಗಳನ್ನು ಸಾಕಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ; ನಿಮಗೆ ಅಂಗಳವಿದೆ, ನಾಯಿಯ ಮೇಲೆ ನಿಜವಾದ ಅಕ್ಕರೆಯೂ ಇದೆ. ಆದರೆ ಎರಡನೆಯ ನಾಯಿಯನ್ನು ನಿಮಗೆ ಇನ್ನೊಂದು ನಾಯಿ ಬೇಕೆಂಬ ಕಾರಣಕ್ಕೆ ತರಬೇಕೇ ಹೊರತು ಮೊದಲನೆಯದರ ತೊಂದರೆಗೆ ಮದ್ದಾಗಿ ತರಬಾರದು. ಹಾಗೆ ತಂದಲ್ಲಿ ಮೊದಲಿನ ತೊಂದರೆ ಉಳಿದುಕೊಳ್ಳುತ್ತದೆ, ಮರಿಯ ಪಾಲಿನ ಹೊಸ ತೊಂದರೆಗಳು ಅದಕ್ಕೆ ಸೇರುತ್ತವೆ.

ಹದಿನಾಲ್ಕು ತಿಂಗಳ ಲ್ಯಾಬ್ರಡಾರ್ ನೋಡುವುದಕ್ಕೆ ಪೂರ್ಣ ಬೆಳೆದ ನಾಯಿ. ತೂಕ ಮೂವತ್ತು ಕಿಲೋ ಮುಟ್ಟಿರಬಹುದು. ಸ್ವಭಾವದಲ್ಲಿ ಮಾತ್ರ ಅದಿನ್ನೂ ಹದಿಹರೆಯದ್ದು. ದೊಡ್ಡ ತಳಿಗಳ ಮನಸ್ಸು ನೆಲೆಗೊಳ್ಳಲು ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷವೂ ಬೇಕಾಗುತ್ತದೆ. ಆರನೆಯ ತಿಂಗಳಲ್ಲಿ ಕರೆದ ಕೂಡಲೇ ಓಡಿ ಬರುತ್ತಿದ್ದ ನಾಯಿ ಈಗ ಕೇಳಿಸಿಯೂ ಕೇಳಿಸದಂತೆ ನಿಲ್ಲುತ್ತದೆಂದು ಬೇಸರಪಟ್ಟಿದ್ದೀರಿ. ನೀವು ಕಲಿಸಿದ್ದು ವ್ಯರ್ಥವಾಗಿಲ್ಲ. ಅದು ಈ ವಯಸ್ಸಿನ ಲಕ್ಷಣ, ತಾಳ್ಮೆಯಿಂದ ಮತ್ತೆ ಕಲಿಸಿದರೆ ದಾಟಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಮರಿಯೊಂದು ಬಂದರೆ ಅದು ಹಗಲೆಲ್ಲ ದೊಡ್ಡ ನಾಯಿಯನ್ನೇ ನೋಡಿಕೊಂಡು ಬೆಳೆಯುತ್ತದೆ, ನೀವು ಮನೆಯಲ್ಲಿರುವ ಎರಡು ಮೂರು ಗಂಟೆಗಳಲ್ಲಿ ಕಲಿಸುವುದಕ್ಕಿಂತ ಹೆಚ್ಚನ್ನು ಅದರಿಂದಲೇ ಕಲಿಯುತ್ತದೆ. ಗೇಟಿಗೆ ಹಾರುವುದನ್ನೂ ಪಾತಿ ಅಗೆಯುವುದನ್ನೂ ಕಲಿಯುತ್ತದೆ. ಇನ್ನೊಂದು ವರ್ಷದೊಳಗೆ ನಿಮ್ಮ ಅಂಗಳದಲ್ಲಿ ಬಲಿಷ್ಠವಾದ, ಮಾತು ಕೇಳದ ಎರಡು ನಾಯಿಗಳಿರುತ್ತವೆ. ಅವೆರಡನ್ನೂ ಒಟ್ಟಿಗೆ ಹಿಡಿದು ಬೀದಿಯಲ್ಲಿ ನಡೆಸುವ ಅನುಭವ ನಿಮ್ಮಿಬ್ಬರಲ್ಲಿ ಯಾರಿಗೂ ಇರುವುದಿಲ್ಲ.

ಒಂಟಿತನದ ಬಗ್ಗೆ ನೀವು ಬರೆದ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಯಾವ ಬಗೆಯ ಒಂಟಿತನ ಎಂಬುದನ್ನು ಮೊದಲು ತಿಳಿಯಬೇಕು. ನೀವು ಹೊರಟ ಬಳಿಕ ನಾಯಿ ಏನು ಮಾಡುತ್ತದೆಂದು ಹಳೆಯ ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿ. ಮೊದಲ ಅರ್ಧ ಗಂಟೆಯಲ್ಲಿಯೇ ಅದು ಊಳಿಡುತ್ತಾ, ಜೊಲ್ಲು ಸುರಿಸುತ್ತಾ, ನೀವು ಹೋದ ಬಾಗಿಲನ್ನೇ ಕೆರೆಯುತ್ತಾ ಒದ್ದಾಡಿದರೆ ಅದು ಮನುಷ್ಯರನ್ನು ಅಗಲಿದ ಸಂಕಟ. ಇನ್ನೊಂದು ನಾಯಿ ಪಕ್ಕದಲ್ಲಿದ್ದ ಮಾತ್ರಕ್ಕೆ ಆ ಸಂಕಟ ಸಾಮಾನ್ಯವಾಗಿ ಶಮನವಾಗುವುದಿಲ್ಲ. ಅದಕ್ಕೆ ಪಶುವೈದ್ಯರ ಸಲಹೆಯೂ ನಿಧಾನದ ಅಭ್ಯಾಸವೂ ಬೇಕು. ಹಾಗಲ್ಲದೆ ಮಲಗಿ, ಎದ್ದು, ಸ್ವಲ್ಪ ಹೊತ್ತು ಅಗೆದು, ಬೀದಿಯಲ್ಲಿ ಹೋಗುವವರಿಗೆ ಬೊಗಳಿ, ಮತ್ತೆ ಮಲಗಿದರೆ ಅದು ಬರೀ ಬೇಸರ. ನಿಮ್ಮ ವಿವರಣೆಯಿಂದ ನನಗೆ ಇದು ಎರಡನೆಯದೇ ಎನ್ನಿಸುತ್ತದೆ. ಲ್ಯಾಬ್ರಡಾರ್ ಬೇಟೆಗಾರರು ಹೊಡೆದ ಹಕ್ಕಿಯನ್ನು ನೀರಿನಿಂದ ಬಾಯಲ್ಲಿ ಹಿಡಿದು ತರುವುದಕ್ಕಾಗಿ ರೂಪುಗೊಂಡ ತಳಿ. ಬಾಯಿಗೆ ಕೆಲಸವಿಲ್ಲದೆ ಒಂಬತ್ತು ಗಂಟೆ ಅಂಗಳದಲ್ಲಿರುವ ಇಂಥ ನಾಯಿ ಚಪ್ಪಲಿಯನ್ನು ಕೆಲಸವಾಗಿಸಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ.

ಆದ್ದರಿಂದ ಮರಿಗೆಂದು ಎತ್ತಿಟ್ಟ ಸಮಯವನ್ನೂ ಹಣವನ್ನೂ ಮುಂದಿನ ಕೆಲವು ತಿಂಗಳು ಇದೇ ನಾಯಿಗೆ ಕೊಡಿ ಎಂಬುದು ನನ್ನ ಕೋರಿಕೆ. ಬೆಳಿಗ್ಗೆ ಹೊರಡುವ ಮುನ್ನ ಮುಕ್ಕಾಲು ಗಂಟೆ ನಡೆಸಿ. ಎಳೆದುಕೊಂಡು ಹೋಗದೆ ನಿಂತು ನಿಂತು ಮೂಸಲು ಬಿಡಿ, ಮೂಸುವುದು ನಾಯಿಯ ಮನಸ್ಸನ್ನು ಓಟಕ್ಕಿಂತ ಹೆಚ್ಚು ದಣಿಸುತ್ತದೆ. ದಿನದ ಆಹಾರದಲ್ಲಿ ಒಂದು ಪಾಲನ್ನು ಬಟ್ಟಲಿನಲ್ಲಿ ಹಾಕದೆ ಟೊಳ್ಳಾದ ಗಟ್ಟಿ ರಬ್ಬರಿನ ಆಟಿಕೆಯಲ್ಲಿ ತುಂಬಿಡಿ, ಇಲ್ಲವೇ ಅಂಗಳದಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಹುಡುಕಲು ಬಿಡಿ. ಮಧ್ಯಾಹ್ನ ಒಮ್ಮೆ ಬಂದು ನಡೆಸಿಕೊಂಡು ಹೋಗುವ ನಂಬಿಕಸ್ಥ ಹುಡುಗನೊಬ್ಬ ಸಿಕ್ಕರೆ ಅವನಿಗೆ ಕೊಡುವ ಸಂಬಳ ಎರಡನೆಯ ನಾಯಿಯ ಖರ್ಚಿಗಿಂತ ಖಂಡಿತ ಕಡಿಮೆ. ಸಂಜೆ ಹತ್ತೇ ನಿಮಿಷ ಸಾಕು, ಆದರೆ ತಪ್ಪದೆ, ಕರೆದಾಗ ಬರುವುದು, ಚಾಪೆಯ ಮೇಲೆ ಕೂತಿರುವುದು, ಬಾಯಲ್ಲಿದ್ದುದನ್ನು ಬಿಡುವುದು, ಹಗ್ಗ ಎಳೆಯದೆ ನಡೆಯುವುದು ಇವಿಷ್ಟನ್ನು ಅಭ್ಯಾಸ ಮಾಡಿಸಿ.

ನಿಮ್ಮ ತಾಯಿಯವರ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು. ಒಂದು ನಾಯಿಯ ಓಡಾಟಕ್ಕೇ ಹೆದರಿ ಬಾಗಿಲು ಹಾಕಿಕೊಂಡಿರುವವರ ಸುತ್ತ ಮೂವತ್ತು ಕಿಲೋದ ಎರಡು ನಾಯಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಿದರೆ ಆಗಬಹುದಾದ ಅನಾಹುತವನ್ನು ನಾನು ವಿವರಿಸಬೇಕಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಚೇತರಿಕೆ ಬಹಳ ಕಷ್ಟ. ಹಗಲು ಹೊತ್ತು ಎರಡು ತಿಂಗಳ ಮರಿಗೆ ಊಟ ಹಾಕುವ, ಉಚ್ಚೆ ಒರೆಸುವ, ದೊಡ್ಡ ನಾಯಿಯಿಂದ ಅದನ್ನು ಬಿಡಿಸುವ ಹೊಣೆ ಕೂಡ ಅವರ ಮೇಲೆಯೇ ಬೀಳುತ್ತದೆ. ಅವರ ಕೋಣೆಗೆ ಸೊಂಟದೆತ್ತರದ ಜಾಲರಿಯ ಗೇಟೊಂದನ್ನು ಹಾಕಿಸಿ, ನಾಯಿ ಹೊರಗಿನ ಚಾಪೆಯಲ್ಲಿ ಶಾಂತವಾಗಿ ಮಲಗುವುದನ್ನು ಕಲಿಸಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಹಗಲು ಕಳೆಯುವಂತಾದರೆ ನಾಯಿಯ ಅರ್ಧ ಒಂಟಿತನ ಅಲ್ಲಿಯೇ ತೀರುತ್ತದೆ. ಮುಂದೆ ಎರಡನೆಯ ನಾಯಿ ಬರುವುದಾದರೂ ಅವರು ಮನಸಾರೆ ಒಪ್ಪಿದ ಮೇಲೆಯೇ ಬರಬೇಕು.

ಇನ್ನು ತಳಿಯ ಮಾತು. ಮುಧೋಳ ನಮ್ಮ ಬಾಗಲಕೋಟೆ ಸೀಮೆಯ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ತರಬೇತಿಗಾಗಿ ಮರಿಗಳನ್ನು ಮೀರತ್‌ಗೆ ಒಯ್ದಿತು. ಆ ಹೆಮ್ಮೆಯಿಂದಲೇ ಹೇಳುತ್ತೇನೆ, ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲಿದೆ. ಬೆಕ್ಕು, ಕೋಳಿ, ಆಡಿನ ಮರಿ ಯಾವುದೂ ಇದಕ್ಕೆ ಹೊರತಲ್ಲ. ಓಡುವುದಕ್ಕೆ ಬೇಲಿ ಹಾಕಿದ ಬಯಲು ಬೇಕು, ಕಾಂಪೌಂಡ್ ಗೋಡೆ ಎತ್ತರವಿರಬೇಕು. ಗದರಿಸಿದರೆ ಮುದುಡಿಕೊಳ್ಳುವ, ಅಪರಿಚಿತರಿಂದ ದೂರ ಸರಿಯುವ ಸೂಕ್ಷ್ಮ ಸ್ವಭಾವ ಅದರದು. ಮೈಮೇಲೆ ಬಿದ್ದು ಆಡುವ ಲ್ಯಾಬ್ರಡಾರ್‌ನ ಒರಟು ಸ್ನೇಹ ಅದಕ್ಕೆ ಹಿಂಸೆಯಾಗಬಹುದು. ಮುಂದೆಂದಾದರೂ ಈ ತಳಿಯನ್ನೇ ಆರಿಸುವುದಾದರೆ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ನಿಮ್ಮೂರಿನಿಂದ ಬಹಳ ದೂರವೇನಲ್ಲ, ಒಮ್ಮೆ ಹೋಗಿ ಬೆಳೆದ ನಾಯಿಗಳನ್ನು ಕಣ್ಣಾರೆ ನೋಡಿ ಬನ್ನಿ. ಜರ್ಮನ್ ಶೆಫರ್ಡ್ ಬುದ್ಧಿವಂತ ನಾಯಿ, ಆದರೆ ನಿತ್ಯ ಕೆಲಸ ಕೇಳುತ್ತದೆ; ಕೆಲಸ ಸಿಗದಿದ್ದರೆ ಅನುಮಾನವೂ ಬೊಗಳುವಿಕೆಯೂ ಬೆಳೆಯುತ್ತವೆ. ಈ ತಳಿಯಲ್ಲೂ ಲ್ಯಾಬ್ರಡಾರ್‌ನಲ್ಲೂ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ತೋರಿಸಲು ಒಪ್ಪದವರಿಂದ ಮರಿ ಕೊಳ್ಳಬೇಡಿ. ನುಣುಪಾದ ಟೈಲ್ಸ್ ನೆಲದ ಮೇಲೆ ಬೆಳೆಯುವ ಮರಿ ಜಾರುತ್ತಲೇ ಇರುವುದರಿಂದ ಅಲ್ಲಲ್ಲಿ ಒರಟು ಚಾಪೆ ಹಾಸುವುದೂ ಅಗತ್ಯ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವತ್ತು ಕಿಲೋದ ಪ್ರಾಯದ ನಾಯಿಗೆ ದಿನಕ್ಕೆ ಸುಮಾರು 1,400 ಕ್ಯಾಲರಿ ಆಹಾರ ಬೇಕು. ಜಂತುಹುಳುವಿನ ಮಾತ್ರೆ, ಉಣ್ಣೆಯ ಔಷಧಿ, ಅರಿವಳಿಕೆ ಇವೆಲ್ಲದರ ಪ್ರಮಾಣವೂ ತೂಕವನ್ನೇ ಅನುಸರಿಸುತ್ತದೆ. ಒಂದು ನಾಯಿಗೆ ಉಣ್ಣೆ ಜ್ವರ ಬಂದರೆ ಎರಡಕ್ಕೂ ರಕ್ತಪರೀಕ್ಷೆ ಮಾಡಿಸಬೇಕಾದೀತು. ಊರಿಗೆ ಹೋಗುವಾಗ ಒಂದು ನಾಯಿಯನ್ನು ನೋಡಿಕೊಳ್ಳಲು ಒಪ್ಪುವ ನೆಂಟರು ಎರಡನ್ನು ಒಪ್ಪುವುದು ಅಪರೂಪ. ಊಟದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹಸಿವನ್ನು ಹೆಚ್ಚಿಸುವ ವಂಶವಾಹಿಯ ಬದಲಾವಣೆಯೊಂದಿದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಇಂಥ ನಾಯಿ ತನ್ನ ಬಟ್ಟಲನ್ನು ಬರಿದುಮಾಡಿ ಮರಿಯ ಬಟ್ಟಲಿಗೂ ಬಾಯಿ ಹಾಕುತ್ತದೆ; ಮರಿ ಗಬಗಬನೆ ನುಂಗಲು ಕಲಿಯುತ್ತದೆ. ಎದೆ ಆಳವಾಗಿರುವ ದೊಡ್ಡ ನಾಯಿಗಳು ಹೀಗೆ ಅವಸರದಲ್ಲಿ ತಿಂದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹೊಟ್ಟೆ ಬಿಗಿದು, ವಾಂತಿಗೆ ಪ್ರಯತ್ನಿಸಿದರೂ ಏನೂ ಬರದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಮೈ ತುಂಬಿಕೊಂಡಿರುವುದೇ ಆರೋಗ್ಯವೆಂಬ ಭಾವನೆಯನ್ನೂ ಬಿಡಬೇಕು. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಕಡಿಮೆ ಆಹಾರ ಪಡೆದ ಗುಂಪು ಸುಮಾರು ಎರಡು ವರ್ಷ ಹೆಚ್ಚು ಬದುಕಿತು.

ನಿಮ್ಮ ನಾಯಿಗೆ ಎರಡೂವರೆ ವರ್ಷವಾಗಿ, ಬೀದಿಯಲ್ಲಿ ಇನ್ನೊಂದು ನಾಯಿಯನ್ನು ಕಂಡೂ ನಿಮ್ಮ ಮಾತು ಕೇಳುವ ಮಟ್ಟಕ್ಕೆ ಬಂದ ಮೇಲೆ ಎರಡನೆಯದನ್ನು ತನ್ನಿ. ಆಗ ನಾನೇ ಸಂತೋಷದಿಂದ ಹೌದೆನ್ನುತ್ತೇನೆ. ಗಂಡಿಗೆ ಹೆಣ್ಣೇ ಒಳ್ಳೆಯ ಜೋಡಿ. ಒಂದೇ ಮನೆಯ ನಾಯಿಗಳ ಗಂಭೀರ ಜಗಳಗಳು ಹೆಚ್ಚಾಗಿ ಕಂಡುಬರುವುದು ಒಂದೇ ಲಿಂಗದ ಜೋಡಿಗಳಲ್ಲಿ, ಅದರಲ್ಲೂ ಎರಡು ಹೆಣ್ಣುಗಳ ನಡುವೆ. ಹೆಣ್ಣು ವರ್ಷಕ್ಕೆ ಸುಮಾರು ಎರಡು ಸಲ, ಪ್ರತಿ ಸಲ ಮೂರು ವಾರದಷ್ಟು ಬೆದೆಯಲ್ಲಿರುವುದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾಲವನ್ನು ವೈದ್ಯರೊಂದಿಗೆ ಮೊದಲೇ ನಿಶ್ಚಯಿಸಿಕೊಳ್ಳಿ. ದೊಡ್ಡ ತಳಿಗಳಲ್ಲಿ ಮೂಳೆ ಬೆಳವಣಿಗೆ ಮುಗಿಯುವವರೆಗೆ ಕಾಯುವುದು ಒಳಿತು. ಮರಿಯೇ ಆಗಬೇಕೆಂದಿಲ್ಲ, ಸ್ವಭಾವ ಈಗಾಗಲೇ ತಿಳಿದಿರುವ ಬೆಳೆದ ನಾಯಿಯನ್ನು ದತ್ತು ಪಡೆಯುವುದು ನಿಮ್ಮಂಥ ಮನೆಗೆ ಇನ್ನೂ ಸೂಕ್ತ. ಮೊದಲ ಭೇಟಿ ನಿಮ್ಮ ಅಂಗಳದಲ್ಲಿ ಆಗದಿರಲಿ. ಇಬ್ಬರು ಎರಡು ನಾಯಿಗಳನ್ನು ಹಿಡಿದು ಯಾವುದಾದರೂ ಬಯಲಿನಲ್ಲಿ ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಮೈ ಸಡಿಲವಾಗಿದ್ದರೆ ಹತ್ತಿರವಾಗಿ, ಒಂದು ಇನ್ನೊಂದನ್ನು ನೆಟ್ಟ ಕಣ್ಣಿನಿಂದ ನೋಡುತ್ತಾ ಮೈ ಬಿಗಿ ಮಾಡಿದರೆ ದೂರ ಸರಿಯಿರಿ. ಮನೆಯಲ್ಲಿ ಊಟ ಬೇರೆ ಬೇರೆ ಕೋಣೆಯಲ್ಲಿ, ಮಲಗುವುದು ಬೇರೆ ಕಡೆ. ನೀವು ಇಲ್ಲದ ಹಗಲಿನಲ್ಲಿ ಮೊದಲ ಕೆಲವು ತಿಂಗಳು ನಡುವೆ ಗೇಟು ಇರಲೇಬೇಕು. ದಿನಕ್ಕೊಮ್ಮೆಯಾದರೂ ಪ್ರತಿಯೊಂದನ್ನೂ ಒಂಟಿಯಾಗಿ ನಡೆಸಬೇಕು. ಅಕಸ್ಮಾತ್ ಕಾದಾಡಿದರೆ ಕೊರಳಿಗೆ ಕೈ ಹಾಕದೆ ನೀರೆರಚಿ, ಇಲ್ಲವೇ ನಡುವೆ ಹಲಗೆ ತೂರಿಸಿ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಕೊನೆಗೆ, ಮುಂಗಡದ ಹಣ. ಮರಿಯನ್ನು ನಲವತ್ತನೆಯ ದಿನವೇ ಒಯ್ಯಬಹುದೆಂದು ಮಾರುವವರು ಹೇಳಿದ್ದಾರೆಂದು ಬರೆದಿದ್ದೀರಿ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ; ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಚ್ಚುವ ಬಲಕ್ಕೆ ಮಿತಿ ಹಾಕಿಕೊಳ್ಳುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗಿನ ಆ ವಾರಗಳಲ್ಲೇ. ಈ ಎರಡು ಅಂಶಗಳನ್ನು ತಿಳಿಸಿ ಹಣ ವಾಪಸು ಕೇಳಿ. ಅವರು ಕೊಡಲು ಒಪ್ಪದಿದ್ದರೆ ಆ ಹಣವನ್ನು ಬಿಟ್ಟುಕೊಡಿ. ಹಣ ಹೋಗುತ್ತದೆಂಬ ಕಾರಣಕ್ಕೆ ಮರಿಯನ್ನು ಮನೆಗೆ ತರಬೇಡಿ.

ಸಂಪಾದಕರು