ಸೇತುವೆಯ ಅಂದ ಲೆಕ್ಕ ಮುಗಿದ ಮೇಲೆ ಸೇರಿಸುವ ಅಲಂಕಾರವೇ?

ಸಿವಿಲ್ ಓದುತ್ತಿದ್ದೀರಿ, ನಿಮ್ಮ ಸಂಶಯ ಎರಡು: ಲೆಕ್ಕವೆಲ್ಲ ಮುಗಿದ ಮೇಲೆ ಸೇತುವೆಗೆ ಅಂದ ಸೇರಿಸುತ್ತಾರಾ, ಅದಕ್ಕೆ ಖರ್ಚು ಜಾಸ್ತಿ ಆಗುತ್ತದಾ ಅಂತ. ನಾನು ಸೇತುವೆ ವಿನ್ಯಾಸದ ಕೆಲಸದಲ್ಲೇ ಇದ್ದೇನೆ. ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಅಂತಲೇ. ಕೊನೆಯಲ್ಲಿ ಅಂಟಿಸಲು ಹೋದರೆ ಮಾತ್ರ ಖರ್ಚು ಏರುತ್ತದೆ, ಅಂದವೂ ಬರುವುದಿಲ್ಲ.

ಕಮಾನು ಬೇಕೋ, ಗರ್ಡರ್ (ಉದ್ದ ತೊಲೆ) ಬೇಕೋ, ಕೇಬಲ್ ಬೇಕೋ? ಕಂಬ ಎಲ್ಲಿ ನಿಲ್ಲಬೇಕು? ಕಣಿವೆಯ ಮೇಲೆ ಅದನ್ನು ಕಟ್ಟುವುದು ಹೇಗೆ? ಸಾಫ್ಟ್‌ವೇರ್ ತೆರೆಯುವ ಮೊದಲೇ ಪೆನ್ಸಿಲ್ ಹಿಡಿದು ಇವನ್ನು ತೀರ್ಮಾನಿಸುವುದೇ ಕಾನ್ಸೆಪ್ಚುಯಲ್ ಡಿಸೈನ್. ಸೇತುವೆಯ ರೂಪವೂ ಬಹುಪಾಲು ಖರ್ಚೂ ನಿಗದಿಯಾಗುವುದು ಅಲ್ಲೇ.

ಇದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮೈಯಾರ್. ಅವರು 1901ರಲ್ಲಿ ಜುಓಟ್ಸ್ ಎಂಬ ಊರಲ್ಲಿ ಇನ್ ನದಿಗೆ ಕಾಂಕ್ರೀಟ್ ಕಮಾನು ಸೇತುವೆ ಕಟ್ಟಿದರು. ಕಮಾನು, ಪಕ್ಕದ ಗೋಡೆ, ಮೇಲಿನ ರಸ್ತೆ, ಮೂರೂ ಸೇರಿ ಒಂದೇ ಟೊಳ್ಳು ಪೆಟ್ಟಿಗೆ. ಎರಡು ವರ್ಷದೊಳಗೆ ದಡದ ಹತ್ತಿರ ಪಕ್ಕದ ಗೋಡೆಗಳಲ್ಲಿ ಬಿರುಕು ಕಾಣಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಇನ್ನಷ್ಟು ಕಬ್ಬಿಣ ತುಂಬುತ್ತಿದ್ದರೇನೋ. ಮೈಯಾರ್ ಯೋಚಿಸಿದ್ದು ಬೇರೆ ಥರ. ಬಿರುಕು ಬಿಟ್ಟ ಆ ಭಾಗ ಹೆಚ್ಚೇನೂ ಭಾರ ಹೊರುತ್ತಿಲ್ಲ, ಹಾಗಿದ್ದರೆ ಅದು ಯಾಕೆ ಬೇಕು? 1905ರಲ್ಲಿ ತವನಾಸಾದಲ್ಲಿ ರೈನ್ ನದಿಗೆ ಕಟ್ಟಿದ ಸೇತುವೆಯಲ್ಲಿ ಆ ಭಾಗವನ್ನು ಕತ್ತರಿಸಿಯೇ ಬಿಟ್ಟರು. ದಡದ ಕಡೆ ತೆಳ್ಳಗಾಗಿ ಇಳಿಯುವ ಆ ಹೊಸ ರೂಪ ಹುಟ್ಟಿದ್ದು ಹೀಗೆ, ಬೇಡದ್ದನ್ನು ತೆಗೆದಿದ್ದರಿಂದ. ಆ ಸೇತುವೆ 1927ರ ಭೂಕುಸಿತದಲ್ಲಿ ಹೋಯಿತು. ಆದರೆ ಆ ಯೋಚನೆ ಪೂರ್ತಿ ಅರಳಿದ್ದು 1930ರಲ್ಲಿ ಮುಗಿದ ಸಾಲ್ಜಿನಾಟೋಬೆಲ್ ಸೇತುವೆಯಲ್ಲಿ. ಶೀರ್ಸ್ ಊರಿನ ಹತ್ತಿರ, ಆಳವಾದ ಕಮರಿಯ ಮೇಲೆ, 90 ಮೀಟರ್ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಅಂತರ).

ಅದರ ಫೋಟೋ ತೆಗೆದು ಸ್ವಲ್ಪ ಹೊತ್ತು ನೋಡಿ. ಮೂರು ಹಿಂಜ್ (ತಿರುಗಲು ಬಿಡುವ ಕೀಲು) ಇರುವ ಕಮಾನು: ಎರಡು ದಡಗಳಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು. ಹಿಂಜ್ ಇರುವಲ್ಲಿ ಬೆಂಡಿಂಗ್ ಮೊಮೆಂಟ್, ಅಂದರೆ ಭಾರದಿಂದಾಗುವ ಬಾಗಿಸುವ ಪರಿಣಾಮ, ಸೊನ್ನೆ, ಅದಕ್ಕೇ ಅಲ್ಲಿ ಕಮಾನು ತೆಳು. ಲಾರಿಯೊಂದು ಸೇತುವೆಯ ಒಂದು ಅರ್ಧಭಾಗದ ಮೇಲಿದ್ದಾಗ ಮೊಮೆಂಟ್ ಜಾಸ್ತಿ ಆಗುವುದು ದಡಕ್ಕೂ ನೆತ್ತಿಗೂ ಸುಮಾರು ನಡುವೆ. ಅಲ್ಲೇ ಕಮಾನಿನ ಆಳ ಹೆಚ್ಚು. ಹೀಗಾಗಿ ಪ್ರತಿ ಅರ್ಧವೂ ಕುಡುಗೋಲಿನ ಅಲಗಿನಂತೆ ನಡುವೆ ಅಗಲ, ತುದಿಗಳಲ್ಲಿ ಸಪೂರ. ಆ ಚೆಂದದ ಬಾಗು ಸುಮ್ನೆ ಬಂದದ್ದಲ್ಲ, ಭಾರ ಎಲ್ಲಿ ಎಷ್ಟಿದೆ ಅಂತ ಅದೇ ಹೇಳುತ್ತಿದೆ.

ಇನ್ನು ಖರ್ಚಿನ ವಿಷಯ. ಸ್ಪರ್ಧೆಗೆ ಬಂದಿದ್ದ 19 ವಿನ್ಯಾಸಗಳಲ್ಲಿ ಇದೇ ಅಗ್ಗದ್ದು! ಅಷ್ಟು ಆಳದ ಕಮರಿಯಲ್ಲಿ ಕಾಂಕ್ರೀಟಿಗಿಂತ ಅದನ್ನು ಹೊರುವ ಮರದ ಸಾರವೆಯೇ ದೊಡ್ಡ ಖರ್ಚಿನ ಬಾಬ್ತು. ಮೈಯಾರ್ ಮೊದಲು ಕಮಾನಿನ ತೆಳ್ಳನೆಯ ಅಡಿಪದರ ಮಾತ್ರ ಹಾಕುವಂತೆ ಯೋಜಿಸಿದರು. ಅದು ಗಟ್ಟಿಯಾದ ಮೇಲೆ ಗೋಡೆಗಳ ತೂಕ ಹೊರಲು ಅದೂ ಕೈಜೋಡಿಸುತ್ತದೆ. ಹಾಗಾಗಿ ಹಗುರ ಸಾರವೆ ಸಾಕಾಯಿತು. ಆ ಸಾರವೆ ಕಟ್ಟಿದವರು ರಿಚರ್ಡ್ ಕೋರೇ, ಅದರ ಹಳೇ ಫೋಟೋಗಳೂ ನೋಡುವಂಥವು. ಕಟ್ಟುವ ಕ್ರಮವೂ ವಿನ್ಯಾಸದ ಭಾಗ ಅನ್ನುವುದನ್ನು ಕ್ಲಾಸಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಸಾಲ್ಜಿನಾಟೋಬೆಲ್ ಇರುವ ಪ್ರಾಂತ್ಯದಲ್ಲೇ, ಕ್ಲೋಸ್ಟರ್ಸ್ ಬಳಿ, ಕ್ರಿಶ್ಚಿಯನ್ ಮೆನ್ ಎಂಬ ಎಂಜಿನಿಯರ್ ರೂಪಿಸಿದ ಸುನ್ನಿಬೆರ್ಗ್ ಕೇಬಲ್ ಸೇತುವೆ 1998ರಲ್ಲಿ ಕಟ್ಟಿ ಮುಗಿಯಿತು. ಉದ್ದ 526 ಮೀಟರ್, ರಸ್ತೆ ಪೂರ್ತಿ ತಿರುವಿನಲ್ಲಿದೆ. ತಿರುವಿನಲ್ಲಿ ಕೇಬಲ್‌ಗಳು ವಾಹನಗಳಿಗೆ ಅಡ್ಡ ಬರಬಾರದು ಅಲ್ವಾ? ಅದಕ್ಕೇ ಕಂಬಗಳು ಮೇಲೆ ಹೋದಂತೆ ಹೊರಕ್ಕೆ ಚಾಚಿಕೊಳ್ಳುತ್ತವೆ. ಸೇತುವೆಯ ಗುರುತೇ ಆಗಿಬಿಟ್ಟ ಆ ಚಾಚು ಬಂದದ್ದು ಒಂದು ತೊಡಕಿನಿಂದ. ಬಿಸಿಲಿಗೆ ಡೆಕ್ (ರಸ್ತೆಯ ಹಾಸು) ಹಿಗ್ಗಿದರೆ ತಿರುವಿನ ಹೊರಬದಿಗೆ ಸ್ವಲ್ಪ ಸರಿಯುತ್ತದೆ, ಆದ್ದರಿಂದ ಹಿಗ್ಗಲು ಜಾಗ ಬಿಡುವ ಸಂದುಗಳೇ (ಎಕ್ಸ್‌ಪ್ಯಾನ್ಷನ್ ಜಾಯಿಂಟ್) ಬೇಕಾಗಲಿಲ್ಲ.

ಫ್ಲೈಓವರ್ ಕಂಬಕ್ಕೆ ಬಣ್ಣದ ಚಿತ್ರ ಬರೆಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಕಂಬ ತಪ್ಪು ಜಾಗದಲ್ಲಿದ್ದರೆ, ಗರ್ಡರ್ ಅತಿ ದಪ್ಪಗಿದ್ದರೆ ಬಣ್ಣ ಅದನ್ನು ಮುಚ್ಚುವುದಿಲ್ಲ.

ನೀವೀಗ ಒಂದು ಕೆಲಸ ಮಾಡಿ. ಮೂರು ಹಿಂಜ್‌ಗಳ ಕಮಾನಿನ ಎಡ ಅರ್ಧಕ್ಕೆ ಮಾತ್ರ ಭಾರ ಹಾಕಿ ಮೊಮೆಂಟ್ ಡಯಾಗ್ರಾಮ್ (ಎಲ್ಲಿ ಎಷ್ಟು ಮೊಮೆಂಟ್ ಅಂತ ತೋರಿಸುವ ಚಿತ್ರ) ಬರೆಯಿರಿ. ಆಮೇಲೆ ಬಲಕ್ಕೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ಪಕ್ಕದಲ್ಲಿ ಸಾಲ್ಜಿನಾಟೋಬೆಲ್ ಫೋಟೋ ಇಟ್ಟು ಹೋಲಿಸಿ. ಏನು ಕಂಡಿತು ಅಂತ ಕಾಮೆಂಟಿನಲ್ಲಿ ತಿಳಿಸಿದರೆ ಮುಂದಿನದ್ದನ್ನು ಅಲ್ಲಿಂದಲೇ ಮಾತಾಡೋಣ.