ವಾಡೆಯ ಹಲಗೆ ಊಟದ ಮೇಜಾದೀತೇ?

ಪ್ರಶ್ನೆ: ಸದಾಶಿವ ಪೇಠೆಯಲ್ಲಿ ಕೆಡವುತ್ತಿದ್ದ ಹಳೇ ವಾಡೆಯೊಂದರಿಂದ (ಹಳೇ ಕಾಲದ ದೊಡ್ಡ ಮನೆ) ತೇಗದ ನಾಲ್ಕು ಹಲಗೆ ಕೊಂಡು ತಂದಿದ್ದೇನೆ. ಆರಡಿ ಉದ್ದ, ಒಂಬತ್ತು ಇಂಚು ಅಗಲ, ಒಂದು ಬದಿಗೆ ಹಸಿರು ಬಣ್ಣ. ಹಳ್ಳಿಮನೆಯಲ್ಲಿ ಇರುವಂಥ ಒರಟು ಊಟದ ಮೇಜನ್ನು ನಾನೇ ಮಾಡಬೇಕು ಅಂತ ಆಸೆ. ಡ್ರಿಲ್ ಇದೆ, ಅನುಭವ ಇಲ್ಲ. ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ.
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ನಗಲಿ ಬಿಡಿ. ನನ್ನ ಮೊದಲ ಮೇಜಿಗೂ ನಮ್ಮನೆಯಲ್ಲಿ ನಕ್ಕಿದ್ದರು, ಅದು ಸೀಳಿದಾಗ ಇನ್ನೂ ಜಾಸ್ತಿ ನಕ್ಕರು. ಆ ಕಥೆ ಆಮೇಲೆ.

ಮೊದಲು ಆ ಹಸಿರು ಬಣ್ಣ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಒಣಗಿದ್ದಾಗ ಉಜ್ಜಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಆಮೇಲೆ ಮೊಳೆ. ವಾಡೆಯ ಮರದಲ್ಲಿ ತಲೆ ಮುರಿದ ಮೊಳೆ ಒಳಗೇ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಎಳೆಯಿರಿ. ಎಲ್ಲಿ ಅದು ವಾಲುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಒಂದು ಮೊಳೆ ತಪ್ಪಿದರೂ ಗರಗಸದ ಹಲ್ಲು ಹೋಯಿತು ಅಂತಲೇ ಲೆಕ್ಕ. ಕುಟ್ಟೆ ಹಿಡಿದಿದೆಯಾ ಅನ್ನುವುದನ್ನೂ ಈಗಲೇ ನೋಡಿ: ಹಲಗೆಯನ್ನು ಪೇಪರಿನ ಮೇಲೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇನ್ನೂ ಒಳಗಿರಬಹುದು. ಬರೀ ತೂತಿದ್ದರೆ ಚಿಂತೆಯಿಲ್ಲ, ಚಂದವೇ.

ಈಗ ನನ್ನ ಸೀಳಿದ ಮೇಜು. ಆಗಸ್ಟಿನಲ್ಲಿ, ಸುರಿಯುವ ಮಳೆಯಲ್ಲಿ ಮಾಡಿದ್ದು. ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ, ಅಡಿಯ ಅಡ್ಡಪಟ್ಟಿಗೆ ಸಾಲಾಗಿ ಸ್ಕ್ರೂ ಹಾಕಿ ಬಿಗಿದು ಬೀಗಿದ್ದೆ. ಮಾರ್ಚಿನ ಒಂದು ರಾತ್ರಿ ಟಪ್ ಅಂತ ಸದ್ದು, ಬೆಳಗ್ಗೆ ನೋಡಿದರೆ ನಡುವೆ ಬೆರಳುದ್ದದ ಬಿರುಕು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಪುಣೆಯ ಜುಲೈ ಎಷ್ಟು ತೇವವೋ ಏಪ್ರಿಲ್ ಅಷ್ಟೇ ಒಣ, ಮೂರಡಿ ಅಗಲದ ಮೇಜು ಅಷ್ಟರಲ್ಲಿ ನಾಲ್ಕೈದು ಮಿಲಿಮೀಟರಾದರೂ ಕುಗ್ಗುತ್ತದೆ, ಎಷ್ಟು ಹಳೇ ಮರವಾದರೂ. ಸ್ಕ್ರೂ ಬಿಡದಿದ್ದರೆ ಮರ ಇನ್ನೇನು ಮಾಡಬೇಕು, ಸೀಳಬೇಕು ಅಷ್ಟೆ.

ಅದಕ್ಕೇ ಅಡ್ಡಪಟ್ಟಿಯ ನಡುವಿನ ತೂತು ಮಾತ್ರ ಬಿಗಿಯಾಗಿರಲಿ. ಎರಡೂ ಬದಿಯ ತೂತುಗಳನ್ನು ಮೇಜಿನ ಅಗಲದ ಕಡೆಗೆ ಹತ್ತು ಮಿಲಿಮೀಟರಿನಷ್ಟು ಉದ್ದ ಮಾಡಿ, ವಾಷರ್ ಹಾಕಿ ಸ್ಕ್ರೂ ತಿರುಗಿಸಿ. ಪಟ್ಟಿಗೆ ಅಂಟು ಬೇಡವೇ ಬೇಡ. ಹಲಗೆಗಳ ನಡುವೆ ಮಾತ್ರ ಅಂಟಿಸಿ. ಸಂದು ಬಿಟ್ಟರೆ ಅನ್ನದ ಅಗುಳು ಸಿಕ್ಕಿಕೊಂಡು ಇರುವೆ ಬರುತ್ತದೆ.

ಎತ್ತರ 30 ಇಂಚು. ಒಬ್ಬರಿಗೆ 24 ಇಂಚು ಜಾಗ ಅಂತ ಹಿಡಿದರೆ ನಿಮ್ಮ ಹಲಗೆಗಳಲ್ಲಿ ಆರು ಜನ ಆರಾಮಾಗಿ ಕೂರಬಹುದು. ಕಾಲುಗಳಿಗೆ ಮೂರಿಂಚು ಚೌಕದ ಹೊಸ ಮರವನ್ನು ಟಿಂಬರ್ ಮಾರ್ಕೆಟ್ಟಿನಲ್ಲೇ ಅಳತೆಗೆ ಕೊಯ್ಸಿ ತನ್ನಿ, ಬೋಲ್ಟ್ ಹಾಕಿ, ಬಿಚ್ಚುವಂತಿರಲಿ. ನಾಳೆ ಮನೆ ಬದಲಿಸುವಾಗ ಆರಡಿ ಮೇಜು ಲಿಫ್ಟಿನೊಳಗೆ ಹೋಗುತ್ತಾ? ಹಾಂ, ಡ್ರಿಲ್ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೇಡ. ಪುಣೆಯವರ ನಿದ್ದೆ ಕೆಡಿಸಿ ಬದುಕಿದವರಿಲ್ಲ!

ಪಾಲಿಶ್ ಪೇಪರ್ ಮೊದಲು ಒರಟಾದ 80 ನಂಬರಿನದು, ಆಮೇಲೆ ಅದಕ್ಕಿಂತ ನುಣುಪಾದ 120, ಅಲ್ಲಿಗೇ ನಿಲ್ಲಿಸಿ. ಗರಗಸದ ಗೀರು, ಮೊಳೆಯ ಕಪ್ಪು ಕಲೆ ಎಲ್ಲ ಉಜ್ಜಿ ತೆಗೆಯುವುದಾದರೆ ಹಳೇ ಮರ ಯಾಕೆ ತಂದಿರಿ, ಅಲ್ವಾ? ಮೊಣಕೈ ತಾಗುವ ಅಂಚನ್ನು ಮಾತ್ರ ಚೆನ್ನಾಗಿ ಉಜ್ಜಿ. ಕೊನೆಗೆ ಅಗಸೆ ಎಣ್ಣೆ, ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿ. ತೆಳ್ಳಗೆ ಮೂರು ಸಲ ಹಚ್ಚಿ, ಒಂದೊಂದು ಸಲವೂ ಪೂರ್ತಿ ಒಣಗಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಪ್ರಶ್ನೆ: ಹೊಸ ಮರದ ಮೇಜಿನ ಮೇಲೆ ಸಾಂಬಾರು ಚೆಲ್ಲಿ ಅರಿಶಿನದ ಕಲೆ ಉಳಿದಿದೆ. ಏನು ಮಾಡಲಿ?
– ಓದುಗರೊಬ್ಬರು, ಮಡಗಾಂವ್

ಉತ್ತರ: ಏನೂ ಹಚ್ಚಬೇಡಿ. ಸೋಪಿನ ನೀರಲ್ಲಿ ಒರೆಸಿ ಕಿಟಕಿ ಪಕ್ಕ ಸರಿಸಿ. ಬೆಳಕು ಬಿದ್ದರೆ ಅರಿಶಿನ ತಾನೇ ಮಾಸುತ್ತದೆ. ಸುಡುಬಿಸಿಲಿಗೆ ಮಾತ್ರ ಇಡಬೇಡಿ, ಹಲಗೆ ಬಾಗುತ್ತದೆ.